ಫಿಟ್ಸ್‌ಗೆ ಎರಡನೇ ಎಂಆರ್‌ಐ: ಕಾಯಿಲ್ ಮುಖ್ಯವೋ, ಪ್ರೊಟೊಕಾಲ್ ಮುಖ್ಯವೋ?

ಪ್ರಶ್ನೆ (ಶಿರಾ): ನನ್ನ ತಂಗಿಗೆ ಹದಿನಾರು ವರ್ಷ, ಆಗಾಗ ಫಿಟ್ಸ್ ಬರುತ್ತದೆ. ತುಮಕೂರಿನಲ್ಲಿ ಮಾಡಿಸಿದ ಮೆದುಳಿನ ಎಂಆರ್‌ಐ ‘ನಾರ್ಮಲ್’ ಎಂದು ಬಂದಿತ್ತು. ಈಗ ನರರೋಗ ತಜ್ಞರು ಎಪಿಲೆಪ್ಸಿ ಪ್ರೊಟೊಕಾಲ್‌ನಲ್ಲಿ, ಎಂದರೆ ಫಿಟ್ಸ್‌ಗೆಂದೇ ಗೊತ್ತುಮಾಡಿದ ಸ್ಕ್ಯಾನ್ ಕ್ರಮದಲ್ಲಿ, ಮತ್ತೆ ಮಾಡಿಸಲು ಬರೆದುಕೊಟ್ಟಿದ್ದಾರೆ. ಮೊದಲಿನದು ತಪ್ಪಾಗಿತ್ತೇ? 32 ಚಾನೆಲ್ ಕಾಯಿಲ್ (ಸ್ಕ್ಯಾನ್ ವೇಳೆ ತಲೆಗೆ ಹಾಕುವ ಸಾಧನ) ಇರುವಲ್ಲಿಗೇ ಹೋಗಬೇಕೇ?

ಉತ್ತರ (ಎಂಆರ್‌ಐ ತಂತ್ರಜ್ಞ, ತುಮಕೂರು): ತಪ್ಪಾಗಿತ್ತೆಂದು ಅರ್ಥವಲ್ಲ. ಸಾಮಾನ್ಯ ಸ್ಕ್ಯಾನಿನಲ್ಲಿ ಮೆದುಳನ್ನು ಸುಮಾರು 5 ಮಿ.ಮೀ. ದಪ್ಪದ ಪದರಗಳಾಗಿ, ನಡುವೆ ತುಸು ಅಂತರ ಬಿಟ್ಟು ತೆಗೆಯುತ್ತೇವೆ. ಪಾರ್ಶ್ವವಾಯು, ದೊಡ್ಡ ಗಡ್ಡೆಗಳಿಗೆ ಅದು ಸಾಕು. ಫಿಟ್ಸ್‌ನ ಮೂಲವಾದರೋ ಹಿಪ್ಪೊಕ್ಯಾಂಪಸ್‌ನ (ಮೆದುಳಿನೊಳಗೆ ನೆನಪಿಗೆ ಸಂಬಂಧಿಸಿದ ಭಾಗ) ಸಣ್ಣ ಕುಗ್ಗುವಿಕೆಯಲ್ಲಿ ಅಥವಾ ಮೆದುಳಿನ ಹೊರಪದರದ ಒಂದು ಮಡಿಕೆಯಲ್ಲಿ ಅಡಗಿರಬಹುದು. ಆದ್ದರಿಂದಲೇ ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಲೀಗ್‌ನ ತಜ್ಞರು 2019ರಲ್ಲಿ 1 ಮಿ.ಮೀ. ತ್ರೀಡಿ ಟಿ1, ತ್ರೀಡಿ ಫ್ಲೇರ್, ಜೊತೆಗೆ ಹಿಪ್ಪೊಕ್ಯಾಂಪಸ್‌ನ ಉದ್ದಕ್ಕೆ ಲಂಬವಾಗಿ ತೆಗೆದ ಕೊರೋನಲ್ (ಮುಖದ ಎದುರಿನಿಂದ ನೋಡಿದಂತೆ ಕಾಣುವ ಪದರಗಳ) ಟಿ2, ಈ ಮೂರು ಬಗೆಯ ಚಿತ್ರಗಳನ್ನು ಮೂಲ ಪ್ರೊಟೊಕಾಲ್ ಆಗಿ ಸೂಚಿಸಿದರು.

ತಲೆಗೆ ಹಾಕುವ ಪಂಜರದಂಥ ಕಾಯಿಲ್ ಮೆದುಳಿನಿಂದ ಬರುವ ಕ್ಷೀಣ ರೇಡಿಯೊ ಸಂಕೇತವನ್ನು ಹಿಡಿಯುವ ಆಂಟೆನಾ. ಅದರೊಳಗಿನ ಒಂದೊಂದು ಸುರುಳಿಯ ಸಂಕೇತಕ್ಕೆ ಒಂದೊಂದು ಚಾನೆಲ್; ಚಾನೆಲ್ ಹೆಚ್ಚಿದಷ್ಟೂ ಸುರುಳಿಗಳು ಚಿಕ್ಕವು. ಚಿಕ್ಕ ಚಿಕ್ಕ ಸುರುಳಿಗಳು ಹತ್ತಿರದ ಸಂಕೇತವನ್ನು ಚೆನ್ನಾಗಿ ಹಿಡಿಯುತ್ತವೆ. ಹಾಗಾಗಿ 32 ಚಾನೆಲ್‌ನ ಲಾಭ ಹೊರಪದರದಲ್ಲಿ ಎದ್ದು ಕಾಣುತ್ತದೆ, ಮೆದುಳಿನ ನಡುಭಾಗದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಚಾನೆಲ್‌ಗಳು ಹೆಚ್ಚಿದ್ದರೆ ಬೇಗ ಮುಗಿಸಲೂಬಹುದು, ಆದರೆ ಅದಕ್ಕೆ ಬೆಲೆಯಿದೆ: ಸಮಯವನ್ನು ಅರ್ಧಕ್ಕಿಳಿಸಿದರೆ ಚಿತ್ರದ ಸ್ಪಷ್ಟತೆಗೆ ಆಧಾರವಾದ ಸಂಕೇತ-ಗದ್ದಲದ ಅನುಪಾತ ಕನಿಷ್ಠ ಶೇ. 30ರಷ್ಟು ಇಳಿಯುತ್ತದೆ. 3 ಟೆಸ್ಲಾ ಯಂತ್ರ (ಟೆಸ್ಲಾ ಎಂದರೆ ಯಂತ್ರದ ಅಯಸ್ಕಾಂತದ ಬಲದ ಅಳತೆ) ಸಿಕ್ಕರೆ ಒಳ್ಳೆಯದೇ. ಆದರೂ ಅದರಲ್ಲಿ ಅವಸರದಿಂದ ಮಾಡಿದ ಸಾಮಾನ್ಯ ಸ್ಕ್ಯಾನಿಗಿಂತ 1.5 ಟೆಸ್ಲಾದಲ್ಲಿ ಪೂರ್ಣ ಪ್ರೊಟೊಕಾಲ್ ಮಾಡಿಸುವುದೇ ಮೇಲೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ನಾವು ಏನೇನು ನೋಡಿಕೊಳ್ಳಬೇಕು?

ಉತ್ತರ: ತುರುಬು ಬಿಚ್ಚಿ, ಪಿನ್ನುಗಳನ್ನೆಲ್ಲ ತೆಗೆದು, ಕೂದಲನ್ನು ಸಡಿಲವಾಗಿ ಬಿಡಲಿ. ತುರುಬು ಹಿಂದಿನಿಂದ ತಲೆಯನ್ನು ಎತ್ತಿಹಿಡಿದರೆ ತಲೆ ಕಾಯಿಲ್‌ನೊಳಗೆ ಸರಿಯಾಗಿ ಕೂರುವುದಿಲ್ಲ. ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕಿವಿಗಳ ಪಕ್ಕ ಸ್ಪಂಜು ಇಡುವುದು ತಲೆ ಅಲುಗದಿರಲೆಂದು. ತ್ರೀಡಿ ಚಿತ್ರದ ಮಾಹಿತಿ ನಾಲ್ಕೈದು ನಿಮಿಷ ಒಟ್ಟಾಗಿ ಕೂಡಿಬರುವುದರಿಂದ, ನಡುವೆ ಒಮ್ಮೆ ತಲೆ ತಿರುಗಿಸಿದರೂ ಎಲ್ಲ ಪದರಗಳೂ ಮಸುಕಾಗಬಹುದು. ಅಂದಿನ ಫಿಟ್ಸ್ ಮಾತ್ರೆಯನ್ನು ಮಾತ್ರ ವೈದ್ಯರು ಹೇಳದೆ ತಪ್ಪಿಸಬೇಡಿ. ಹಳೆಯ ಸಿಡಿ ತನ್ನಿ. ಫಿಟ್ಸ್ ಶುರುವಾಗುವಾಗ ಮೊದಲು ಯಾವ ಕೈ ಅದುರುತ್ತದೆ, ಮುಖ ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ; ವರದಿ ಬರೆಯುವ ರೇಡಿಯಾಲಜಿಸ್ಟ್‌ಗೆ ಎಲ್ಲಿ ಹೆಚ್ಚು ಹೊತ್ತು ನೋಡಬೇಕೆಂದು ಅದರಿಂದ ತಿಳಿಯುತ್ತದೆ.