ರೈಲ್ವೆ ಪಾಯಿಂಟ್ ಕೆಲಸದಲ್ಲಿ ಹೆಲ್ಪರ್ ಬೆರಳು ಹೋಯಿತು, ಟೆಕ್ನಿಷಿಯನ್‌ಗೆ ಎಸ್‌ಎಫ್-5 ಚಾರ್ಜ್‌ಶೀಟ್ ಬಂದಿದೆ: ಉತ್ತರ ಹೇಗೆ ಕೊಡಬೇಕು?

ಪ್ರಶ್ನೆ: ಸೆಕ್ಷನ್ ಸಹೋದ್ಯೋಗಿ (ಸೆಪ್ಟೆಂಬರ್ 2024)

ನಮಸ್ಕಾರ. ಸಿಗ್ನಲ್ ಟೆಕ್ನಿಷಿಯನ್ ಒಬ್ಬರ ಪರವಾಗಿ ಕೇಳುತ್ತಿದ್ದೇನೆ. ಆಗಸ್ಟ್‌ನಲ್ಲಿ ಒಂದು ಸಣ್ಣ ಸ್ಟೇಷನ್ನಿನ ಯಾರ್ಡ್‌ನಲ್ಲಿ ಪಾಯಿಂಟಿನ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಸ್ಲೈಡ್ ಚೇರ್ ಒರೆಸಿ ಗ್ರಾಫೈಟ್ ಹಚ್ಚುವ ಕೆಲಸ ನಡೆದಿತ್ತು. ಸರಿಯುವ ಟಂಗ್ ರೇಲ್ ಮತ್ತು ಅಲುಗದ ಸ್ಟಾಕ್ ರೇಲ್ ನಡುವೆ ಜಲ್ಲಿ ಚೂರು ಸಿಕ್ಕಿಕೊಂಡಿತ್ತು. ಹೆಲ್ಪರ್ ಅದನ್ನು ಕೈಯಿಂದ ತೆಗೆಯುತ್ತಿದ್ದಾಗ ಸ್ಟೇಷನ್ನಿನ ಕಂಟ್ರೋಲ್ ಪ್ಯಾನೆಲ್‌ನಿಂದ ಪಾಯಿಂಟ್ ತಿರುಗಿತು. ಎರಡು ಬೆರಳು ಹೋಗಿವೆ. ವಾಕಿಟಾಕಿಯಲ್ಲಿ ಸ್ಟೇಷನ್ ಮಾಸ್ಟರ್ "ಮಾಡಿಕೊಳ್ಳಿ" ಅಂದರು ಅನ್ನುತ್ತಾರೆ ಟೆಕ್ನಿಷಿಯನ್. ಮಾಸ್ಟರ್ ಅಂಥ ಮಾತೇ ಆಗಿಲ್ಲ ಅನ್ನುತ್ತಾರೆ. ಡಿಸ್‌ಕನೆಕ್ಷನ್ ಮೆಮೊ (ಕೆಲಸಕ್ಕಾಗಿ ಪಾಯಿಂಟನ್ನು ಬಳಕೆಯಿಂದ ಬಿಡಿಸುವಾಗ ಮಾಸ್ಟರ್‌ಗೆ ಕೊಡುವ ಲಿಖಿತ ಸೂಚನೆ) ಕೊಟ್ಟಿರಲಿಲ್ಲ ಅನ್ನುವುದು ನಿಜ.

ಟೆಕ್ನಿಷಿಯನ್ ಸಸ್ಪೆಂಡ್ ಆಗಿದ್ದಾರೆ, ನಾಲ್ಕು ದಿನದ ಹಿಂದೆ ಎಸ್‌ಎಫ್-5 (ದೊಡ್ಡ ಶಿಕ್ಷೆಯ ಚಾರ್ಜ್‌ಶೀಟ್) ಕೈಗೆ ಬಂದಿದೆ. ಘಟನೆಯ ಮರುದಿನ ಇಂಗ್ಲಿಷ್‌ನಲ್ಲಿ ಬರೆದ ಹೇಳಿಕೆಯೊಂದಕ್ಕೆ ಸಹಿ ಮಾಡಿಸಿಕೊಂಡಿದ್ದರು, ಅದರಲ್ಲಿ "ತಪ್ಪು ನನ್ನದು" ಎಂಬ ಸಾಲಿದೆ. ಈಗ ಕೆಲವರು "ಒಪ್ಪಿಕೊಂಡುಬಿಡು, ಎಸ್‌ಎಫ್-11 ಮಾಡಿಸೋಣ" ಅನ್ನುತ್ತಿದ್ದಾರೆ, ಅಂದರೆ ಸಣ್ಣ ಶಿಕ್ಷೆಯ ಚಾರ್ಜ್‌ಶೀಟ್‌ಗೆ ಇಳಿಸೋಣ ಎಂದು. ಇತ್ತ ಹೆಲ್ಪರ್ ಕೈಯಿಂದಲೂ "ಹೇಳದೇ ಕೈ ಹಾಕಿದೆ" ಎಂದು ಬರೆಸಿಕೊಂಡಿದ್ದಾರೆ. ಏನು ಮಾಡಬೇಕು?

ಉತ್ತರ 1: ಡಿಫೆನ್ಸ್ ಹೆಲ್ಪರ್

ಎನ್‌ಕ್ವೈರಿಯಲ್ಲಿ ಆರೋಪಿತ ನೌಕರರ ಪರ ನಿಲ್ಲುವ ಕೆಲಸ ನನ್ನದು. ಮೊದಲು ದಿನದ ಲೆಕ್ಕ. ಎಸ್‌ಎಫ್-5ಕ್ಕೆ ಲಿಖಿತ ಉತ್ತರ ಕೊಡಲು ಕೈಗೆ ಬಂದ ದಿನದಿಂದ 10 ದಿನ. ನಿಮ್ಮಲ್ಲಿ ಆರು ದಿನ ಉಳಿದಿದೆ. ದಾಖಲೆ ನೋಡಬೇಕಿದ್ದರೆ ಇವತ್ತೇ ಪತ್ರ ಕೊಟ್ಟು, ನೋಡಿದ ಮೇಲೆ ಉತ್ತರಕ್ಕೆ ಸಮಯ ಬೇಕೆಂದು ಅದರಲ್ಲೇ ಕೇಳಿ. ಸ್ವೀಕೃತಿ ಸಹಿ, ತಾರೀಕು ಇಲ್ಲದೆ ಯಾವ ಕಾಗದವನ್ನೂ ಕೊಡಬೇಡಿ.

"ಒಪ್ಪಿಕೋ, ಎಸ್‌ಎಫ್-11 ಮಾಡಿಸೋಣ" ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಎಸ್‌ಎಫ್-5ರ ಆರೋಪಗಳನ್ನೆಲ್ಲ ಬರವಣಿಗೆಯಲ್ಲಿ ಒಪ್ಪಿದರೆ ಎನ್‌ಕ್ವೈರಿಯೇ ಬೇಕಿಲ್ಲ, ಶಿಸ್ತು ಅಧಿಕಾರಿ ನೇರವಾಗಿ ತೀರ್ಮಾನ ಬರೆಯಬಹುದು. ಆ ಹಂತದಲ್ಲಿ ಸಣ್ಣ ಶಿಕ್ಷೆಯೂ ಬರಬಹುದು, ರಿಮೂವಲ್ಲೂ (ಕೆಲಸದಿಂದ ತೆಗೆಯುವುದು) ಬರಬಹುದು. ಬಾಯಿಮಾತಿನ ಭರವಸೆ ಕಡತದಲ್ಲಿ ಇರುವುದಿಲ್ಲ. ನಿಜವಾಗಿ ಇಳಿಸುವ ಮನಸ್ಸಿದ್ದರೆ ಅವರು ಅದನ್ನು ಬರವಣಿಗೆಯಲ್ಲಿ ಕೊಡಲಿ. ಆ ಕಾಗದ ಬಂದ ಮೇಲೆ ಮಾತಾಡಿ.

ಉತ್ತರದಲ್ಲಿ ಕಥೆ ಬೇಡ. ಪ್ರತಿ ಆರೋಪಕ್ಕೂ ಒಂದು ಪ್ಯಾರಾ, ಒಪ್ಪಿದೆ ಅಥವಾ ನಿರಾಕರಿಸಿದೆ. ಮೆಮೊ ಇರಲಿಲ್ಲ ಅನ್ನುವುದು ದಾಖಲೆಯಲ್ಲೇ ಇರುವಾಗ ಅದನ್ನು ನಿರಾಕರಿಸಿದರೆ ಉಳಿದದ್ದನ್ನೂ ಯಾರೂ ನಂಬುವುದಿಲ್ಲ. "ಮೆಮೊ ಕೊಟ್ಟಿರಲಿಲ್ಲ, ಮೌಖಿಕ ಅನುಮತಿ ಪಡೆದಿದ್ದೆ, ಉದ್ದೇಶಪೂರ್ವಕ ಎಂಬ ಆರೋಪವನ್ನು ನಿರಾಕರಿಸುತ್ತೇನೆ" ಅಂದರೆ ಸಾಕು. ಈ "ಉದ್ದೇಶಪೂರ್ವಕ" ಪದ ಚಾರ್ಜ್‌ಶೀಟ್‌ನಲ್ಲಿ ಎಲ್ಲೆಲ್ಲಿದೆ ನೋಡಿ, ಗುರುತು ಹಾಕಿಕೊಳ್ಳಿ. ರೈಲ್ವೆ ಶಿಸ್ತು ಮತ್ತು ಮೇಲ್ಮನವಿ ನಿಯಮಾವಳಿಯ (ಡಿಎಆರ್) ನಿಯಮ 6ರಲ್ಲಿ, ರೈಲುಗಳ ಡಿಕ್ಕಿಗೆ ಕಾರಣವಾದ ಅಥವಾ ಸಾಮಾನ್ಯವಾಗಿ ಕಾರಣವಾಗಬಹುದಾಗಿದ್ದ ತಪ್ಪಿಗೆ ರಿಮೂವಲ್ ಅಥವಾ ಡಿಸ್ಮಿಸಲ್ ಎಂಬ ಮಾತಿದೆ. ಇಲ್ಲಿ ಡಿಕ್ಕಿಯ ಪ್ರಶ್ನೆಯೇ ಇಲ್ಲ. ಯಾರಾದರೂ ಆ ಸಾಲನ್ನು ತಂದು ಸೇರಿಸಿದರೆ ಅಲ್ಲೇ ತಡೆಯಿರಿ.

ಇನ್ನು ಆ ಸಹಿ ಮಾಡಿದ ಹೇಳಿಕೆ. ಫ್ಯಾಕ್ಟ್ ಫೈಂಡಿಂಗ್ (ಘಟನೆಯ ಪ್ರಾಥಮಿಕ ವಿಚಾರಣೆ) ಬೇರೆ, ಡಿಎಆರ್ ಎನ್‌ಕ್ವೈರಿ ಬೇರೆ. ಹೇಳಿಕೆ ಬರೆದುಕೊಂಡ ಸೂಪರ್‌ವೈಸರ್ ಸಾಕ್ಷಿಯಾಗಿ ಬಂದು ಪಾಟೀಸವಾಲಿಗೆ ಸಿಗಬೇಕು. ಬರೇ ಕಾಗದ ಇಟ್ಟ ಮಾತ್ರಕ್ಕೆ ಅದು ಸಾಬೀತಾದಂತಲ್ಲ ಎಂದು ಸುಪ್ರೀಂ ಕೋರ್ಟ್ 2009ರ ರೂಪ್ ಸಿಂಗ್ ನೇಗಿ ಪ್ರಕರಣದಲ್ಲಿ ಹೇಳಿದೆ. ಆ ಸೂಪರ್‌ವೈಸರನ್ನು ಕೇಳಬೇಕಾದ್ದು ಇಷ್ಟೇ: ಹೇಳಿಕೆ ಯಾರ ಅಕ್ಷರ? ಯಾವ ಭಾಷೆಯಲ್ಲಿ ಹೇಳಿದರು? ಓದಿ ತಿಳಿಸಿದಿರಾ? ಆ ಹೊತ್ತಿಗೆ ಹೆಲ್ಪರ್ ಎಲ್ಲಿದ್ದರು?

ಎನ್‌ಕ್ವೈರಿಯಲ್ಲಿ ಪದೇ ಪದೇ ಆಗುವ ತಪ್ಪು ಒಂದಿದೆ. ಮೊದಲ ದಿನವೇ ಆರೋಪಿಯನ್ನು ಕೂರಿಸಿ ಪ್ರಶ್ನೆ ಶುರು ಮಾಡುತ್ತಾರೆ. ಇಲಾಖೆಯ ಸಾಕ್ಷಿಗಳು ಮುಗಿಯುವವರೆಗೆ ಅವರು ಬಾಯಿ ಬಿಡಬೇಕಿಲ್ಲ, ಇದನ್ನು ಡೈಲಿ ಆರ್ಡರ್ ಶೀಟ್‌ನಲ್ಲಿ ಬರೆಸಿ. ಕೊನೆಗೆ, ಅವರು ತಮ್ಮ ಪರವಾಗಿ ಸ್ವತಃ ಸಾಕ್ಷ್ಯ ನುಡಿಯದಿದ್ದರೆ, ವಿರುದ್ಧವಾಗಿ ಬಂದ ಸಾಕ್ಷ್ಯದ ಬಗ್ಗೆ ಅವರನ್ನು ಕೇಳಲೇಬೇಕು. ಅದನ್ನು ಬಿಟ್ಟುಬಿಟ್ಟರೆ ಮೇಲ್ಮನವಿಯಲ್ಲಿ ಅದೇ ಮೊದಲ ಅಂಶ.

ಎನ್‌ಕ್ವೈರಿ ವರದಿಯ ಪ್ರತಿ ಬಂದ ಮೇಲೆ 15 ದಿನದಲ್ಲಿ ಆಕ್ಷೇಪಣೆ, ಶಿಕ್ಷೆಯಾದರೆ 45 ದಿನದಲ್ಲಿ ಅಪೀಲು. ಅಪೀಲಿಗೆ ಎರಡು ಸಾಲಿನ ಉತ್ತರ ಸಾಲದು, ಕಾರಣ ಬರೆಯಲೇಬೇಕು. ಇದು 1986ರ ರಾಮ್ ಚಂದರ್ ತೀರ್ಪು, ಅದೂ ರೈಲ್ವೆ ನೌಕರರದ್ದೇ ಪ್ರಕರಣ. ಅಲ್ಲಿಂದ ಮುಂದೆ ಸಿಎಟಿ (ಕೇಂದ್ರ ಆಡಳಿತ ನ್ಯಾಯಮಂಡಳಿ), ಅಂತಿಮ ಆದೇಶದಿಂದ ಒಂದು ವರ್ಷದೊಳಗೆ.

ಸಸ್ಪೆನ್ಷನ್ ಬಗ್ಗೆ: 90 ದಿನ ಮುಗಿಯುವ ಮೊದಲು ಪುನರ್ವಿಮರ್ಶೆ ಆಗಲೇಬೇಕು. ಜೀವನಾಧಾರ ಭತ್ಯೆ ನಿಲ್ಲದಿರಲು, ಬೇರೆ ಕೆಲಸ ಮಾಡುತ್ತಿಲ್ಲ ಎಂಬ ಎಸ್‌ಎಫ್-3 ಪ್ರಮಾಣಪತ್ರವನ್ನು ತಪ್ಪದೆ ಕೊಡುತ್ತಿರಲಿ.

ಉತ್ತರ 2: ರಿಲೇ ರೂಮ್

ಕೇಸು ನಿಂತಿರುವುದು ಸಮಯದ ಮೇಲೆ, ಹಾಗಾಗಿ ಡೇಟಾ ಲಾಗರ್ (ಸಿಗ್ನಲ್ ಉಪಕರಣಗಳ ಬದಲಾವಣೆಗಳನ್ನು ಸಮಯದ ಸಮೇತ ದಾಖಲಿಸುವ ಯಂತ್ರ) ಮುದ್ರಣ ಕೇಳಿ. ಆ ಪಾಯಿಂಟಿನ ನಾರ್ಮಲ್ ಡಿಟೆಕ್ಷನ್ ರಿಲೇ (ಪಾಯಿಂಟ್ ಆ ಸ್ಥಾನದಲ್ಲಿ ಸರಿಯಾಗಿ ಕೂತಿದೆ ಎಂದು ತೋರಿಸುವುದು) ಡ್ರಾಪ್ ಆದ ಕ್ಷಣ, ರಿವರ್ಸ್ ಪಿಕಪ್ ಆದ ಕ್ಷಣ, ಅದಕ್ಕೆ ಮುಂಚೆ ಪ್ಯಾನೆಲ್‌ನಲ್ಲಿ ಯಾವ ಬಟನ್ ಒತ್ತಿದರು, ಎಲ್ಲವೂ ಅಲ್ಲಿರುತ್ತದೆ. ನಡುವೆ ಕೈ ಇದ್ದಾಗ ಪಾಯಿಂಟ್ ಪೂರ್ತಿ ಸೆಟ್ ಆಗದೆ ಡಿಟೆಕ್ಷನ್ ಬರದೇ ಹೋಗಿರಬಹುದು, ಅದೂ ಮುದ್ರಣದಲ್ಲಿ ಕಾಣುತ್ತದೆ. ಘಟನೆಗೆ ಅರ್ಧ ಗಂಟೆ ಮೊದಲಿನಿಂದ ಅರ್ಧ ಗಂಟೆ ನಂತರದವರೆಗೆ ಕೇಳಿ.

ಜೊತೆಗೆ ಸ್ಟೇಷನ್ನಿನ ವಾಯ್ಸ್ ರೆಕಾರ್ಡರ್, ಟ್ರೈನ್ ಸಿಗ್ನಲ್ ರಿಜಿಸ್ಟರ್, ಡಿಸ್‌ಕನೆಕ್ಷನ್ ಪುಸ್ತಕ, ಕ್ರ್ಯಾಂಕ್ ಹ್ಯಾಂಡಲ್ (ಪಾಯಿಂಟನ್ನು ಕೈಯಿಂದ ತಿರುಗಿಸುವ ಹಿಡಿಕೆ) ರಿಜಿಸ್ಟರ್. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಕೂರುವ ಮೊದಲೇ "ಕಾಪಿಡಬೇಕು" ಎಂಬ ಪತ್ರ ಹೋಗಬೇಕು, ಪ್ರತಿ ಆಮೇಲೆ ಸಿಕ್ಕರೂ ಸರಿ. ಒಂದು ಮುಖ್ಯ ವಿಷಯ: ಲಾಗರ್ ಗಡಿಯಾರ, ರೆಕಾರ್ಡರ್ ಗಡಿಯಾರ, ಮಾಸ್ಟರ್ ಮೇಜಿನ ಗಡಿಯಾರ ಒಂದೇ ಸಮಯ ತೋರಿಸುವುದಿಲ್ಲ. ಎರಡು ನಿಮಿಷ ಆಚೀಚೆ ಆದರೆ "ಅನುಮತಿ ಮೊದಲೋ, ಬಟನ್ ಮೊದಲೋ" ಎಂಬ ಉತ್ತರವೇ ತಿರುವುಮುರುವಾಗುತ್ತದೆ. ಎಲ್ಲ ಕಡೆ ದಾಖಲಾದ ಒಂದು ಘಟನೆಯನ್ನು, ಉದಾಹರಣೆಗೆ ಒಂದು ರೈಲಿನ ಆಗಮನವನ್ನು ಹಿಡಿದು ವ್ಯತ್ಯಾಸ ಲೆಕ್ಕ ಹಾಕಿ.

ಒಂದು ಕಷ್ಟದ ಪ್ರಶ್ನೆಗೂ ಸಿದ್ಧರಾಗಿರಿ. ಕ್ರ್ಯಾಂಕ್ ಹ್ಯಾಂಡಲ್ ಹಾಕುವ ಬಾಗಿಲು ತೆರೆದರೆ ಮೋಟರ್ ಸರ್ಕ್ಯೂಟ್ ಕಡಿತವಾಗುತ್ತದೆ, ಪ್ಯಾನೆಲ್‌ನಿಂದ ಯಾರು ಏನು ಒತ್ತಿದರೂ ಪಾಯಿಂಟ್ ಅಲುಗುವುದಿಲ್ಲ. "ಅದನ್ನು ಏಕೆ ಮಾಡಲಿಲ್ಲ?" ಎಂದು ಖಂಡಿತ ಕೇಳುತ್ತಾರೆ. ಇದಕ್ಕೆ ಪ್ರಾಮಾಣಿಕ ಉತ್ತರ ಬೇಕು. ಕೀ ಕೇಳಿದ್ದರೇ, ಸಿಕ್ಕಿತೇ, ಆ ದಿನ ಎಷ್ಟು ಜನರ ಗ್ಯಾಂಗ್ ಇತ್ತು, ಎಚ್ಚರಿಕೆ ಕೂಗಲು ಒಬ್ಬರಾದರೂ ಇದ್ದರೇ? ಡ್ಯೂಟಿ ರೋಸ್ಟರ್ ಕೇಳಿ ತರಿಸಿ.

ಉತ್ತರ 3: ಪರಿಹಾರ ವಿಷಯ

ಹೆಲ್ಪರ್ ಕೇಸನ್ನು ಇದರ ಜೊತೆ ಬೆರೆಸಬೇಡಿ. ಟೆಕ್ನಿಷಿಯನ್ ತಪ್ಪಿತಸ್ಥರಾದರೂ ಹೆಲ್ಪರ್ ಪರಿಹಾರ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಈ ಘಟನೆಯ ದಿನ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಇಂಥ ಗಾಯಕ್ಕೆ ಮಾಲೀಕರು ತಪ್ಪಿಸಿಕೊಳ್ಳುವ ದಾರಿ ಇರುವುದು ಗಾಯಗೊಂಡವರೇ ಕುಡಿದಿದ್ದರೆ, ಅಥವಾ ಸುರಕ್ಷತಾ ಆದೇಶವನ್ನು ಬೇಕೆಂದೇ ಮೀರಿದ್ದರೆ, ಅಥವಾ ರಕ್ಷಣಾ ಸಾಧನವನ್ನು ಬೇಕೆಂದೇ ಕಡೆಗಣಿಸಿದ್ದರೆ. "ಹೇಳದೇ ಕೈ ಹಾಕಿದೆ" ಎಂದು ಬರೆಸಿಕೊಂಡ ಕಾಗದ ಅಪಾಯಕಾರಿ ಆಗುವುದು ಇದಕ್ಕೇ. ಆಸ್ಪತ್ರೆಯಲ್ಲಿದ್ದಾಗ, ನೋವಿನಲ್ಲಿ, ಯಾರ ಮುಂದೆ ಸಹಿ ಹಾಕಿದರು ಎಂಬುದನ್ನು ಹೆಲ್ಪರ್ ತಮ್ಮದೇ ಭಾಷೆಯಲ್ಲಿ ಬರೆದು ಈಗಲೇ ಕಳಿಸಲಿ.

ಲೆಕ್ಕ ಹೀಗೆ. ಸಂಬಳ ಎಷ್ಟೇ ಇದ್ದರೂ ತಿಂಗಳಿಗೆ 15,000 ಮಿತಿ. ಅದರ ಶೇ. 60 ಅಂದರೆ 9,000. ವಯಸ್ಸು 30 ಆಗಿದ್ದರೆ ಗುಣಕ 207.98, ಹಾಗಾಗಿ 18,71,820. ಒಂದು ಕೈಯ ಎರಡು ಬೆರಳು ಪೂರ್ತಿ ಹೋದರೆ ಅನುಸೂಚಿಯಲ್ಲಿ ಶೇ. 20, ಅಂದರೆ 3,74,364 ರೂಪಾಯಿ. ಪಾವತಿ ಒಂದು ತಿಂಗಳು ಮೀರಿದರೆ ಶೇ. 12 ಬಡ್ಡಿ. ಅರ್ಜಿಗೆ ಎರಡು ವರ್ಷ ಕಾಲಾವಕಾಶ.

ಕೈ ಸರಿಹೋಗದೆ ಅಂಗವೈಕಲ್ಯ ಉಳಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 20 ಪ್ರಕಾರ ಕೆಲಸದಿಂದ ತೆಗೆಯುವಂತಿಲ್ಲ, ಇದ್ದ ಹುದ್ದೆಯ ಕೆಲಸ ಆಗದಿದ್ದರೆ ಅದೇ ವೇತನಶ್ರೇಣಿಯಲ್ಲಿ ಬೇರೆ ಹುದ್ದೆ ಕೊಡಬೇಕು.

ಸೆಕ್ಷನ್ ಸಹೋದ್ಯೋಗಿ

ತುಂಬ ಉಪಕಾರ. "ಕೆಲಸದಲ್ಲಿನ ನಿರ್ಲಕ್ಷ್ಯ ದುರ್ನಡತೆಯಲ್ಲ" ಎಂಬ 1979ರ ಜೆ. ಅಹ್ಮದ್ ತೀರ್ಪನ್ನು ಉತ್ತರದಲ್ಲಿ ಹಾಕಲೇ ಎಂದು ಟೆಕ್ನಿಷಿಯನ್ ಕೇಳುತ್ತಿದ್ದಾರೆ.

ಉತ್ತರ 1: ಡಿಫೆನ್ಸ್ ಹೆಲ್ಪರ್

ಮೊದಲ ಉತ್ತರದಲ್ಲಿ ಬೇಡ. ಪರಿಣಾಮ ತೀರಾ ಗಂಭೀರವಾದಾಗ ನಿರ್ಲಕ್ಷ್ಯವೂ ದುರ್ನಡತೆ ಆಗಬಹುದು ಎಂದು ಅದೇ ತೀರ್ಪು ಹೇಳುತ್ತದೆ, ಅದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ರೈಲ್ವೆ ಕ್ಯಾಬಿನ್‌ಮನ್ ಕೂಡ ಇದ್ದಾನೆ. ಎದುರಿನವರ ಕೈಗೆ ನೀವೇ ಕೋಲು ಕೊಟ್ಟಂತಾಗುತ್ತದೆ. ಲಾಗರ್ ಮುದ್ರಣ ಕೈಗೆ ಬರಲಿ, ಸಾಕ್ಷಿಗಳು ಮುಗಿಯಲಿ, ಕೊನೆಯ ಡಿಫೆನ್ಸ್ ಬ್ರೀಫ್ ಬರೆಯುವಾಗ ಬೇಕೋ ಬೇಡವೋ ನೋಡೋಣ. ಈಗ ಕಾಪಿಡುವ ಪತ್ರವನ್ನು ಶಿಸ್ತು ಅಧಿಕಾರಿಗೆ ಬರೆದು, ಒಂದೊಂದು ಪ್ರತಿಯನ್ನು ಸಿಗ್ನಲ್ ಮತ್ತು ಆಪರೇಟಿಂಗ್ ಎರಡೂ ವಿಭಾಗಕ್ಕೆ ಕೊಡಿ, ಏಕೆಂದರೆ ಲಾಗರ್ ಒಬ್ಬರ ಬಳಿ, ಸ್ಟೇಷನ್ನಿನ ರಿಜಿಸ್ಟರ್ ಇನ್ನೊಬ್ಬರ ಬಳಿ ಇರುತ್ತದೆ.