ಪದ ಬೇಕು: ಗಾಳಕ್ಕೆ ಕಟ್ಟುವುದನ್ನೆಲ್ಲ ‘ಎರೆ’ ಅನ್ನಬಹುದಾ?

ಸಿದ್ದಾಪುರ, ಕೊಡಗಿನಿಂದ

ಎಲ್ಲರಿಗೂ ನಮಸ್ಕಾರ.

ನಾಳೆ ಸಂಜೆಯೊಳಗೆ ಒಂದು ಪದ ಬೇಕಾಗಿದೆ. ಸ್ವಲ್ಪ ಬೇಗ ನೋಡಿ, ದಯವಿಟ್ಟು.

ಕಾವೇರಿ ದಡದಲ್ಲಿ ಗಾಳ ಹಿಡಿದೇ ಬೆಳೆದ ಹದಿನಾಲ್ಕು ಜನ ಹುತ್ತರಿ ಹಬ್ಬ ಮುಗಿಸಿಕೊಂಡು ನಾಲ್ಕು ದಿನ ಕಡಲಿಗೆ ಹೊರಟಿದ್ದೇವೆ. ಮೊದಲು ಸೋಮೇಶ್ವರ, ಆಮೇಲೆ ಕಾಪು, ಕೊನೆಗೆ ಮರವಂತೆ. ದೋಣಿ ಹತ್ತುವುದಿಲ್ಲ. ಮರಳಿನ ಮೇಲೆ ನಿಂತು, ಬಂಡೆ ಇರುವ ಕಡೆ ಬಂಡೆಯ ಮೇಲೆ ನಿಂತು ಗಾಳ ಹಾಕುವುದು. ಹೊಳೆ ಎಲ್ಲರಿಗೂ ಗೊತ್ತು, ಕಡಲು ಯಾರಿಗೂ ಗೊತ್ತಿಲ್ಲ. ಅದಕ್ಕೆ ಎರಡು ಪುಟದ ಕನ್ನಡ ಚೀಟಿ ಮಾಡಿ ಪ್ರತಿಯೊಬ್ಬರ ಜೇಬಿಗೂ ಹಾಕಬೇಕು ಅಂತಿದ್ದೇನೆ.

ಮೀನಿಗೆಂದು ಗಾಳಕ್ಕೆ ಕಟ್ಟುವ ತಿನಿಸು, ಇಂಗ್ಲಿಷಿನ ‘ಬೇಟ್’, ಅದರ ಹತ್ತಿರ ಬಂದು ನಿಂತಿದ್ದೇನೆ. ಮೊದಲು ‘ಆಮಿಷ’ ಅಂತ ಬರೆದೆ. ಅತ್ತಿಗೆ ಓದಿ, ‘ಆಮಿಷವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ ಅಂದರೆ ಏನು, ಎಲೆಕ್ಷನ್ ದುಡ್ಡಾ?’ ಅಂದರು. ಅವರು ಹೇಳಿದ್ದು ಸರಿ. ಆ ಪದ ಈಗ ಪೂರ್ತಿ ಪೇಪರಿನವರ ಪಾಲಾಗಿದೆ.

‘ಎರೆ’ ಅನ್ನೋಣ ಅಂದರೆ ಹುಡುಗರಿಗೆ ಎರೆಹುಳು ಮಾತ್ರ ಕಣ್ಣಿಗೆ ಬರುತ್ತದೆ. ಆದರೆ ನಮ್ಮ ಅಪ್ಪ ಹೊಳೆಯ ದೊಡ್ಡ ಬಿಳಿಮೀನಿಗೆ ರಾಗಿ ಉಂಡೆ ಕಟ್ಟುತ್ತಿದ್ದರು. ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಕೈಗೆ ಅಂಟದ ಹಾಗೆ ನಾದಿ, ನಿಂಬೆಹಣ್ಣಿನ ಗಾತ್ರ ಮಾಡಿ ಗಾಳದ ಸುತ್ತ ಒತ್ತುತ್ತಿದ್ದರು. ಅದಕ್ಕೂ ಅವರು ಎರೆ ಅಂತಲೇ ಅನ್ನುತ್ತಿದ್ದರು. ‘ಎರೆ ಕಟ್ಟಿದ್ದೀಯಾ?’ ಅಂತ ಕೇಳುವುದು ಇನ್ನೂ ಕಿವಿಯಲ್ಲಿದೆ. ಇದು ನಮ್ಮ ಮನೆಯ ಮಾತು ಮಾತ್ರವಾ, ಇಲ್ಲ ಕನ್ನಡದಲ್ಲಿ ಎಲ್ಲ ಕಡೆ ನಡೆಯುತ್ತದಾ?

ಜೊತೆಗೆ, ಬಣ್ಣ ಬಳಿದ ಸುಳ್ಳು ಮೀನು ಇರುತ್ತದಲ್ಲ, ಅಂಗಡಿಯವರು ಲ್ಯೂರ್ ಅನ್ನುವುದು, ಅದಕ್ಕೂ ಒಂದು ಮಾತು ಹೇಳಿ.

ಮೈಸೂರಿನಿಂದ

ಧೈರ್ಯವಾಗಿ ‘ಎರೆ’ ಬಳಸಿ. ಇದು ‘ಎರೆಯುವುದು’ ಎಂಬುದರಿಂದ ಬಂದದ್ದು. ದೋಸೆ ಎರೆಯುತ್ತೇವೆ, ನೀರು ಎರೆಯುತ್ತೇವೆ. ಮೀನಿಗೆ ಎರೆದದ್ದು ಎರೆ. ಹುಳುವೇ ಆಗಬೇಕು ಅಂತ ಎಲ್ಲೂ ಇಲ್ಲ. ಬಹಳ ವರ್ಷದಿಂದ ಇದನ್ನು ಹೇಳುತ್ತಾ ಬಂದಿದ್ದೇನೆ.

ಬೆಂಗಳೂರಿನಿಂದ

ಅಲ್ಲ. ದೋಸೆ ಎರೆಯುವುದರಲ್ಲಿ ಇದ್ದದ್ದು ಱ, ಹಳೆಗನ್ನಡದ ಇನ್ನೊಂದು ರಕಾರ. ಗಾಳದ ಎರೆಯಲ್ಲಿ ಇರುವುದು ಮಾಮೂಲಿ ರ. ತಮಿಳಿನಲ್ಲಿ ಇವತ್ತಿಗೂ ಎರಡೂ ಬೇರೆ ಬೇರೆ ಅಕ್ಷರ. ಒಡೆಯ ಎಂಬ ಅರ್ಥದ ಎಱೆಯ ಕೂಡ ಱ. ಹೊಯ್ಸಳರ ಎಱೆಯಂಗನಿಗೂ ಮೀನಿಗೂ ಸಂಬಂಧ ಇಲ್ಲ. ಹಳೆಗನ್ನಡದ ಱ ಕೈಬಿಟ್ಟ ಮೇಲೆ ಮೂರೂ ಒಂದೇ ಥರ ಕಾಣುತ್ತವೆ, ಅಷ್ಟೇ.

ತಮಿಳಿನ ಇಲೈ ನಮ್ಮಲ್ಲಿ ಎಲೆ. ಅದೇ ಥರ ತಮಿಳಿನ ಇರೈ ನಮ್ಮಲ್ಲಿ ಎರೆ. ಮಲಯಾಳದಲ್ಲಿ ಇಲ, ಇರ. ಇರೈ ಅಂದರೆ ಹಕ್ಕಿಯ, ಪ್ರಾಣಿಯ ತಿನಿಸು, ಬೇಟೆ. ಇದಕ್ಕಿಂತ ಜಾಸ್ತಿ ಹೇಳುವುದೇನೂ ಇಲ್ಲ.

ಧಾರವಾಡದಿಂದ

ಮೂಲ ತಿನಿಸೇ ಆದರೆ ಎರೆಹುಳು ಎಂಬ ಮಾತು ಹೇಗೆ ಬಂತು? ನಮ್ಮ ಕಡೆ ಎರೆ ಅಂದರೆ ಕಪ್ಪು ಮಣ್ಣು. ಎರೆ ಹೊಲ, ಎರೆ ಭೂಮಿ ಅಂತ ಹುಟ್ಟಿದಾಗಿನಿಂದ ಕೇಳಿದ್ದೇವೆ. ಎರೆಮಣ್ಣಿನಲ್ಲಿ ಇರುವ ಹುಳು ಎರೆಹುಳು. ಗಾಳಕ್ಕೆ ಆ ಹುಳು ಕಟ್ಟಿ ಕಟ್ಟಿ ಗಾಳದ ತಿಂಡಿಗೂ ಆ ಹೆಸರು ಅಂಟಿರಬೇಕು. ಕರಾವಳಿಯವರು ಸಿಗಡಿಗೆ ಎರೆ ಅಂದರೆ ನನಗಂತೂ ವಿಚಿತ್ರವಾಗಿ ಕೇಳುತ್ತದೆ.

ವಿರಾಜಪೇಟೆಯಿಂದ

ನಮ್ಮ ಕೊಡಗಿನಲ್ಲಿ ಎರೆಮಣ್ಣೇ ಇಲ್ಲ. ತೋಟಕ್ಕೆ ಗುದ್ದಲಿ ಹಾಕಿದರೆ ಬರುವುದು ಕೆಂಪು ಮಣ್ಣು. ಆ ಕೆಂಪು ಮಣ್ಣಿನಲ್ಲೂ ಎರೆಹುಳು ಅನ್ನುತ್ತೇವೆ. ಗಾಳಕ್ಕೆ ಆಗುವ ಹುಳು ಎರೆಹುಳು. ಮೇಕೆಗೆ ಹಾಕುವ ಸೊಪ್ಪು ಮೇಕೆಸೊಪ್ಪು ಆದ ಹಾಗೆ ಕೆಲಸದಿಂದ ಹೆಸರು ಬಂದಿದೆ. ಸಿದ್ದಾಪುರದವರ ತಂದೆ ರಾಗಿ ಉಂಡೆಗೆ ಎರೆ ಅಂದರಲ್ಲ, ಅದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು?

ಇನ್ನೊಂದು ವಿಷಯ. ಆಮಿಷ ಅಂದರೂ ಮೊದಲು ಮಾಂಸವೇ. ನಿರಾಮಿಷ ಊಟ ಅನ್ನುವುದಿಲ್ಲವೇ? ಮಾಂಸದ ತುಂಡು ಗಾಳಕ್ಕೆ ಹೋಯಿತು, ಗಾಳದಿಂದ ಲಂಚಕ್ಕೆ ಹೋಯಿತು. ಹಾಗಾಗಿ ಆಮಿಷ ತಪ್ಪಲ್ಲ. ಆದರೆ ಚೀಟಿಗೆ ಬೇಡ.

ಕುಂದಾಪುರದಿಂದ

ಮಾರಾಯ್ರೇ, ಅವರಿಗೆ ನಾಳೆ ಬೇಕು. ಎಱೆಯಂಗನನ್ನು ಸದ್ಯಕ್ಕೆ ಬಿಡಿ.

ನಮ್ಮ ಮನೆಯಲ್ಲಿ ಸಿಗಡಿ, ಬೂತಾಯಿ, ಬಂಗುಡೆ ತುಂಡು ಎಲ್ಲವೂ ಎರೆಯೇ. ಸುಮ್ನೆ ಬರೆಯಿರಿ. ಆದರೆ ಪದದ ಜೊತೆ ಕಟ್ಟುವ ವಿಧಾನವನ್ನೂ ಬರೆಯಿರಿ. ಹೊಳೆಯವರು ತಪ್ಪುವುದು ಅಲ್ಲೇ. ಸಿಗಡಿಯ ತಲೆ ಕಿತ್ತು ಬಾಲದ ಕಡೆಯಿಂದ ಚುಚ್ಚಬೇಕು. ಅದರ ಬೆನ್ನಿನ ಬಾಗಿನಲ್ಲಿ ಗಾಳದ ಬಾಗು ಕೂರುವವರೆಗೆ ಮೆಲ್ಲಗೆ ತಳ್ಳಬೇಕು. ಗಾಳದ ಮೊನೆ ಸ್ವಲ್ಪ ಹೊರಗೆ ಕಾಣಬೇಕು. ಬೂತಾಯಿ ಮೆತ್ತಗೆ. ಜೋರಾಗಿ ಬೀಸಿದರೆ ಗಾಳ ಒಂದು ಕಡೆ, ಎರೆ ಒಂದು ಕಡೆ ಬೀಳುತ್ತದೆ. ಅದಕ್ಕೆ ಹೊಲಿಗೆ ದಾರ ಎಂಟು ಹತ್ತು ಸುತ್ತು ಸುತ್ತಿ. ಮರಳಿನ ಕಡೆ ಕಾಣೆ ಮೀನು ಸಿಗುತ್ತದೆ. ಅದರ ಬಾಯಿ ಸಣ್ಣದು, ಗಾಳವೂ ಸಣ್ಣದು ಬೇಕು. ಬಿಳಿಮೀನಿನ ಗಾಳ ತಂದರೆ ನಾಲ್ಕು ದಿನ ಎರೆ ತಿನ್ನಿಸಿ ವಾಪಸ್ ಹೋಗುತ್ತೀರಿ.

ನೈಲಾನ್ ದಾರ ಅಂತ ಬರೆದಿದ್ದರೆ ತೆಗೆದು ‘ತಂಗೂಸಿ’ ಹಾಕಿ. ಅಂಗಡಿಯಲ್ಲಿ ಹಾಗೆ ಕೇಳಿದರೆ ಥಟ್ಟನೆ ಕೊಡುತ್ತಾರೆ. ತೂಕಕ್ಕೆ ಸೀಸದ ಗುಂಡು, ತೇಲುವುದಕ್ಕೆ ಬೆಂಡು. ಭರತ ಅಂದರೆ ಕಡಲ ನೀರು ಏರುವುದು, ಇಳಿತ ಅಂದರೆ ಇಳಿಯುವುದು, ಎರಡೂ ಬರೆಯಿರಿ. ದಿನಕ್ಕೆ ಎರಡು ಸಲ ಭರತ, ಪ್ರತಿ ದಿನ ಸುಮಾರು 50 ನಿಮಿಷ ತಡ. ನಿನ್ನೆಯ ಹೊತ್ತಿಗೇ ಇವತ್ತೂ ಬಂಡೆಗೆ ಹೋದರೆ ಲೆಕ್ಕ ತಪ್ಪುತ್ತದೆ.

ಬೆಂಗಳೂರಿನಿಂದ

‘ಭರತ’ ಯಾಕೆ? ಮರಾಠಿಯಲ್ಲಿ ಭರತಿ, ಕೊಂಕಣಿಯಲ್ಲಿ ಭರ್ತಿ. ನಮ್ಮದೇ ‘ಉಬ್ಬರ’ ಇದೆ. ಉಬ್ಬುವುದು ಉಬ್ಬರ, ಇಳಿಯುವುದು ಇಳಿತ. ಮಗುವಿಗೂ ತಿಳಿಯುತ್ತದೆ. ಲ್ಯೂರ್ ಬೇಡ, ‘ಹುಸಿ ಎರೆ’ ಅನ್ನಿ. ರೀಲಿಗೆ ‘ರಾಟೆ’ ಆಗುತ್ತದೆ. ಪದ ಇಲ್ಲದಾಗ ತರಬೇಕು, ಇರುವಾಗ ತರಬಾರದು. ಈ ಒಂದು ನಿಯಮ ಪಾಲಿಸಿದರೆ ಅರ್ಧ ಜಗಳ ಮುಗಿಯುತ್ತದೆ.

ಕುಂದಾಪುರದಿಂದ

ಉಬ್ಬರ ಒಳ್ಳೆ ಪದ. ಪುಸ್ತಕದಲ್ಲಿ ಓದಿದ್ದೇನೆ. ಆದರೆ ಇವರು ದಡದಲ್ಲಿ ಯಾರನ್ನಾದರೂ ಕೇಳುವಾಗ ಎದುರಿಗಿರುವವರ ಬಾಯಲ್ಲಿ ಭರತ ಬಂದರೆ ಅರ್ಥ ಆಗಬೇಡವೇ? ಬಂದರು ಪಾರಸಿ. ಲಂಗರು ಪಾರಸಿ. ಅವನ್ನು ತೆಗೆದು ಒಂದು ದಿನ ಮಲ್ಪೆಯಲ್ಲಿ ವ್ಯವಹಾರ ಮಾಡಿ ನೋಡೋಣ. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭ ಇದೆ. ಬಸ್ಸಿನಿಂದ ಇಳಿದು ಲೈಟ್‌ಹೌಸ್ ಎಲ್ಲಿ ಅಂತಲೇ ಎಲ್ಲರೂ ಕೇಳುವುದು. ಕಡಲ ಬದಿಯ ಭಾಷೆಗೆ ನಾಲ್ಕು ಕಡೆಯಿಂದ ಪದ ಬಂದು ಸೇರಿದೆ. ಅದು ನಮ್ಮ ಬಡತನ ಅಲ್ಲ.

ರಾಟೆ ಅಂದರೆ ಬಾವಿಯದ್ದು. ರೀಲಿಗೆ ಆ ಹೆಸರು ಕೊಟ್ಟರೆ ಯಾರಿಗೂ ತಿಳಿಯುವುದಿಲ್ಲ.

ಬೆಂಗಳೂರಿನಿಂದ

ಯಾರಿಗೂ ತಿಳಿಯುವುದಿಲ್ಲ ಅಂತ ಬಳಸದೇ ಬಿಟ್ಟರೆ ಮುಂದೆಯೂ ತಿಳಿಯುವುದಿಲ್ಲ. ಬಂದರು, ಲಂಗರು ಬಂದಾಗ ನಮ್ಮಲ್ಲಿ ಯಾರೂ ಕೇಳಲಿಲ್ಲ, ಈಗ ಕೇಳುತ್ತಿದ್ದೇವೆ. ಅದರಲ್ಲಿ ತಪ್ಪೇನು?

ಮೈಸೂರಿನಿಂದ

ಬಂದರು, ಲಂಗರು ಇರಲಿ. ‘ದೋಣಿ’ ನಮ್ಮದು. ಸಂಸ್ಕೃತದ ದ್ರೋಣಿಯಿಂದ ಬಂತು ಅನ್ನುವವರು ತಮಿಳು, ತೆಲುಗು, ತುಳು ಎಲ್ಲದರಲ್ಲೂ ಅದು ಬೇರೂರಿರುವುದನ್ನು ನೋಡಬೇಕು. ಱ ವಿಷಯ ಒಪ್ಪಿದೆ. ಇದನ್ನು ಒಪ್ಪುವುದಿಲ್ಲ.

ಬೆಂಗಳೂರಿನಿಂದ

ದೋಣಿಗೆ ಬೇರೆ ಚರ್ಚೆ ತೆರೆಯಿರಿ.

ಸಿದ್ದಾಪುರದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಜವಾಗಿ ಹೇಳುತ್ತೇನೆ, ಅಪ್ಪನ ಬಾಯಲ್ಲಿ ಕೇಳಿದ ಪದ ಮಲಯಾಳದವರೆಗೂ ಹೋಗಿದೆ ಅಂತ ಓದಿ ಕಣ್ಣು ಒದ್ದೆಯಾಯಿತು. ಅವರು ಹೋಗಿ ಆರು ವರ್ಷ ಆಯಿತು.

ಎರೆ ಇಟ್ಟುಕೊಂಡೆ. ಹುಸಿ ಎರೆ ಚೆನ್ನಾಗಿದೆ, ಅದನ್ನೂ ತೆಗೆದುಕೊಂಡೆ. ರೀಲು ರೀಲಾಗಿಯೇ ಇರುತ್ತದೆ. ಬೆಂಗಳೂರಿನವರು ಬೇಸರ ಮಾಡಿಕೊಳ್ಳಬೇಡಿ. ಬಂಡೆಯ ಮೇಲೆ ನಿಂತವನಿಗೆ ‘ರಾಟೆ ಬಿಡು’ ಅಂತ ಕೂಗಿದರೆ ಅವನು ತಿರುಗಿ ನನ್ನ ಮುಖ ನೋಡುತ್ತಾನೆ. ಅಷ್ಟರಲ್ಲಿ ಹಿಂದಿನಿಂದ ತೆರೆ ಬರಬಹುದು. ಈ ಚೀಟಿಯಲ್ಲಿ ನನಗೆ ನಿಜವಾದ ಭಯ ಇರುವುದು ಆ ಸಾಲುಗಳ ಬಗ್ಗೆಯೇ. ಹೊಳೆಯಲ್ಲಿ ನೀರು ಎಲ್ಲಿಗೆ ಬರುತ್ತದೆ ಅಂತ ಕಲ್ಲು ನೋಡಿದರೆ ಗೊತ್ತಾಗುತ್ತದೆ. ಕಡಲಿನಲ್ಲಿ ಹತ್ತು ಸಣ್ಣ ತೆರೆ ಬಂದು ಆಮೇಲೆ ಒಂದು ದೊಡ್ಡದು ಬರುತ್ತದೆ ಅಂತ ಕುಂದಾಪುರದವರು ಫೋನಿನಲ್ಲಿ ಹೇಳಿದರು. ಹಾಗಾಗಿ ಭರತ, ಉಬ್ಬರ ಎರಡನ್ನೂ ಹಾಕಿದ್ದೇನೆ. ಯಾರಿಗೆ ಯಾವುದು ಗೊತ್ತೋ ಅದು ಸಿಗಲಿ.

ಪ್ರೆಸ್‌ಗೆ ಹೋಗುವ ಸಾಲುಗಳು ಇವು. ತಪ್ಪಿದ್ದರೆ ಬೆಳಿಗ್ಗೆ ಹತ್ತರೊಳಗೆ ತಿಳಿಸಿ:

‘ಎರೆ ಅಂದರೆ ಗಾಳಕ್ಕೆ ಕಟ್ಟುವ ಸಿಗಡಿ, ಮೀನಿನ ತುಂಡು, ಹುಳು ಯಾವುದಾದರೂ ಸರಿ. ಎರೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಲ್ಲಿ ಇಡಿ. ಬಂಡೆ ಹತ್ತುವ ಮೊದಲು ದೂರದಲ್ಲಿ ನಿಂತು ಕಾಲು ಗಂಟೆ ತೆರೆ ನೋಡಿ. ಒದ್ದೆಯಾಗಿ ಕಪ್ಪಗೆ ಕಾಣುವ ಕಲ್ಲಿನ ಮೇಲೆ ಕಾಲಿಡಬೇಡಿ, ಅದು ಪಾಚಿ. ಭರತ (ಉಬ್ಬರ) ಏರುವಾಗ ಮೀನು ಬಂಡೆಯ ಹತ್ತಿರ ಬರುತ್ತದೆ, ನೀರೂ ಬರುತ್ತದೆ. ವಾಪಸ್ ಬರುವ ದಾರಿ ಮುಳುಗುವ ಮೊದಲೇ ಎದ್ದು ಬನ್ನಿ. ಎರೆ ಕಟ್ಟುವಾಗಲೂ ಕಡಲಿಗೆ ಬೆನ್ನು ಹಾಕಬೇಡಿ.’