ಮೊದಲ ಕಾದಂಬರಿ ಸಿದ್ಧವಿದೆ. 300 ಪ್ರತಿಗಳನ್ನು ನಾನೇ ಕೊಳ್ಳಬೇಕೆಂಬ ಷರತ್ತಿಗೆ ಒಪ್ಪಬಹುದೇ?

ಪ್ರಶ್ನೆ: ಉಪನ್ಯಾಸಕಿ, ಬ್ರಹ್ಮಾವರ

ಎಲ್ಲರಿಗೂ ನಮಸ್ಕಾರ. ಮಲ್ಪೆ ಬಂದರಿನ ಬೋಟ್ ಮಾಲೀಕರ ಕುಟುಂಬವೊಂದನ್ನು ಕುರಿತ ನನ್ನ ಮೊದಲ ಕಾದಂಬರಿ ಸುಮಾರು 60,000 ಪದಗಳಲ್ಲಿ ಮುಗಿದಿದೆ. ಮೊದಲ ಮೂರು ಅಧ್ಯಾಯಗಳಲ್ಲಿ ಅಜ್ಜನ ಕಾಲದ ನಾಡದೋಣಿಯಿಂದ ಇಂದಿನ ಯಾಂತ್ರಿಕ ಬೋಟಿನವರೆಗಿನ ಮನೆತನದ ಚರಿತ್ರೆಯಿದೆ. ಮುಖ್ಯ ಕಥೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ನಡೆಯುತ್ತದೆ. ಪತ್ರಿಕೆಗಳಲ್ಲಿ ನನ್ನ ಕೆಲವು ಕಥೆಗಳು ಬಂದಿವೆಯಾದರೂ ಪುಸ್ತಕ ಪ್ರಕಟಣೆಯ ಅನುಭವ ಇಲ್ಲ. ಪ್ರಕಾಶಕರೊಬ್ಬರು 500 ಪ್ರತಿ ಅಚ್ಚು ಹಾಕಲು ಒಪ್ಪಿದ್ದಾರೆ. ಆದರೆ ಅದರಲ್ಲಿ 300 ಪ್ರತಿಗಳನ್ನು ನಾನೇ ಮುಂಗಡ ಹಣ ಕೊಟ್ಟು ಕೊಳ್ಳಬೇಕು, ಕೃತಿಯ ಎಲ್ಲ ಹಕ್ಕುಗಳನ್ನು ಅವರಿಗೆ ಬರೆದುಕೊಡಬೇಕು, ಮೊದಲ ಪುಸ್ತಕಕ್ಕೆ ಗೌರವಧನ ಇರುವುದಿಲ್ಲ ಎನ್ನುತ್ತಾರೆ. ಇದು ವಾಡಿಕೆಯೇ, ಅಥವಾ ಕಾದಂಬರಿ ಇನ್ನೂ ಹದಕ್ಕೆ ಬಂದಿಲ್ಲವೆಂಬುದರ ಸೂಚನೆಯೇ?

ಉತ್ತರ 1: ನಿವೃತ್ತ ಕನ್ನಡ ಅಧ್ಯಾಪಕ, ಉಡುಪಿ

ಹಣದ ಮಾತನ್ನು ಬಲ್ಲವರು ಹೇಳಲಿ. ನಾನು ಹಸ್ತಪ್ರತಿಯ ಬಗ್ಗೆ ಮಾತ್ರ ಬರೆಯುತ್ತೇನೆ. ನಿಷೇಧದ ಆ 61 ದಿನಗಳು ನಿಮಗೆ ತಾವಾಗಿ ಒದಗಿಬಂದ ಚೌಕಟ್ಟು. ಬೋಟು ದಡ ಸೇರಿದೆ, ಆದಾಯ ನಿಂತಿದೆ, ಆದರೆ ಬ್ಯಾಂಕಿನ ಕಂತು ನಿಂತಿಲ್ಲ. ಬಲೆಯ ದುರಸ್ತಿ ಆಗಬೇಕು, ಎಂಜಿನ್ ಬಿಚ್ಚಿಸಬೇಕು, ಮುಂದಿನ ಋತುವಿಗೂ ಬೋಟು ನಡೆಸುವ ತಾಂಡೇಲ ತಮ್ಮ ಬೋಟಿಗೇ ಬರಬೇಕಾದರೆ ಅವನ ಕೈಗೆ ಈಗಲೇ ಒಂದಿಷ್ಟು ಮುಂಗಡ ಇಡಬೇಕು. ಇಷ್ಟೆಲ್ಲ ಒತ್ತಡ ಕಥೆಯೊಳಗೇ ಇರುವಾಗ ಓದುಗನನ್ನು ಮೂರು ಅಧ್ಯಾಯಗಳಷ್ಟು ಕಾಲ ಹೊಸ್ತಿಲ ಹೊರಗೆ ಏಕೆ ನಿಲ್ಲಿಸಬೇಕು? ಬೋಟನ್ನು ದಡಕ್ಕೆ ತಂದ ದಿನದಿಂದಲೇ ಆರಂಭಿಸಿ. ಮುಂಗಡದ ಹಣಕ್ಕಾಗಿ ಅಜ್ಜನ ಕಾಲದ ಜಾಗವನ್ನು ಅಡವಿಡಬೇಕೇ ಎಂಬ ಜಗಳ ಮನೆಯಲ್ಲಿ ಹುಟ್ಟಿದರೆ, ಅಜ್ಜನ ಚರಿತ್ರೆಯಲ್ಲಿ ಯಾವುದು ಬೇಕೋ ಅಷ್ಟು ಆ ಜಗಳದೊಳಗೇ ಬರುತ್ತದೆ. ಉಳಿದದ್ದು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿರಲಿ.

ನಿಮ್ಮ ಪಾತ್ರಗಳು ಮನೆಯಲ್ಲಿ ತುಳು ಮಾತನಾಡುವವರೆಂದು ಭಾವಿಸುತ್ತೇನೆ. ಅವರ ಬಾಯಲ್ಲಿ ಪಠ್ಯಪುಸ್ತಕದ ಕನ್ನಡ ಬಂದರೆ ಯಾರೂ ನಂಬುವುದಿಲ್ಲ, ಪುಟ ತುಂಬ ಅಡಿಟಿಪ್ಪಣಿ ಕೊಟ್ಟರೆ ಯಾರೂ ಓದುವುದಿಲ್ಲ. ನಮ್ಮ ಕರಾವಳಿಯ ಕನ್ನಡದ ಲಯವನ್ನೇ ಹಿಡಿದು, ಸಂದರ್ಭದಿಂದ ಅರ್ಥವಾಗುವ ತುಳು ಮಾತುಗಳನ್ನಷ್ಟೇ ಉಳಿಸಿಕೊಳ್ಳುವುದು ಲೇಸು. ಸಾಹಿತ್ಯದ ಮಿತ್ರರಿಗೆ ಓದಲು ಕೊಡುವ ಮೊದಲು ಸಂಭಾಷಣೆ ಇರುವ ಭಾಗಗಳನ್ನು ಬಂದರಿನಲ್ಲಿ ದುಡಿಯುವ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಮಿತ್ರರು ಶೈಲಿ ಚೆನ್ನಾಗಿದೆ ಎಂದು ಬೆನ್ನು ತಟ್ಟುವ ಕಡೆ, ಬಂದರಿನವರು 'ನಾವು ಹೀಗೆ ಹೇಳುವುದಿಲ್ಲ' ಎಂದಾರು.

ಉತ್ತರ 2: ವಕೀಲ, ಮಂಗಳೂರು

ಮೇಲಿನ ಸಲಹೆ ಸರಿಯಾದದ್ದೇ. ಆದರೆ ಮೇಡಂ, ಆ ಷರತ್ತಿಗೂ ನಿಮ್ಮ ಕಾದಂಬರಿಯ ಗುಣಕ್ಕೂ ಸಂಬಂಧ ಕಲ್ಪಿಸಬೇಡಿ. ಅದು ಕೇವಲ ಲೆಕ್ಕಾಚಾರ. ಪುಸ್ತಕದ ಬೆಲೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಶೇ. 30ರ ರಿಯಾಯಿತಿಯಲ್ಲಿ ನೀವು 300 ಪ್ರತಿ ಕೊಂಡರೆ 63,000 ರೂಪಾಯಿ ನಿಮ್ಮ ಕೈಯಿಂದ ಹೋಗುತ್ತದೆ. ಅಲ್ಲಿಗೆ ಮುದ್ರಣದ ಬಹುಪಾಲು ವೆಚ್ಚ ವಸೂಲಾಗುವುದರಿಂದ, ಉಳಿದ 200 ಪ್ರತಿಗಳನ್ನು ಓಡಾಡಿ ಮಾರುವ ತುರ್ತು ಅವರಿಗಿರುವುದಿಲ್ಲ. ಶೇ. 10ರ ಗೌರವಧನ ಕೊಡುವ ಪ್ರಕಾಶಕರಲ್ಲಿ 500 ಪ್ರತಿಯೂ ಖರ್ಚಾದರೆ ನಿಮಗೆ ಸಿಗುವುದು 15,000 ರೂಪಾಯಿ. ದೊಡ್ಡ ಮೊತ್ತವೇನಲ್ಲ, ಆದರೆ ಹಣ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ನೋಡಿ. ನಾನಾದರೆ ಒಪ್ಪುತ್ತಿರಲಿಲ್ಲ.

ಹಕ್ಕಿನ ವಿಷಯ ಇದಕ್ಕಿಂತ ಮುಖ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು; ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ಪ್ರತಿಫಲವೆಷ್ಟು ಎಂಬುದನ್ನು ಹೇಳಬೇಕು. ಅವಧಿ ಕಾಣಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ಕಾಣಿಸದಿದ್ದರೆ ಭಾರತವೆಂದೂ ಕಾನೂನು ಭಾವಿಸುತ್ತದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದಾಗ ಅದು ರದ್ದಾಗುತ್ತದೆ. ಆದ್ದರಿಂದ 'ಎಲ್ಲ ಹಕ್ಕುಗಳು' ಎಂಬುದನ್ನು ಹೊಡೆದುಹಾಕಿಸಿ, ಕನ್ನಡದ ಮುದ್ರಿತ ಆವೃತ್ತಿಯ ಹಕ್ಕನ್ನು ಮಾತ್ರ ನಿಗದಿತ ಅವಧಿಗೆ ಕೊಡಿ. ಅನುವಾದ, ಇ-ಪುಸ್ತಕ, ಧ್ವನಿಪುಸ್ತಕ, ಸಿನಿಮಾ ಹಕ್ಕುಗಳು ನಿಮ್ಮಲ್ಲೇ ಇರಲಿ.

ಸ್ವಂತ ಪ್ರಕಟಣೆಯೂ ಒಂದು ದಾರಿ. ನಮ್ಮ ಕಡೆ ಅದು ಕೀಳರಿಮೆಯ ವಿಷಯವೇ ಅಲ್ಲ. ಶಿವರಾಮ ಕಾರಂತರೇ ಪುತ್ತೂರಿನಲ್ಲಿ ಮುದ್ರಣಾಲಯ ಇಟ್ಟುಕೊಂಡು ತಮ್ಮ ಪುಸ್ತಕಗಳನ್ನು ಹೊರತಂದವರು. ಪುಸ್ತಕದ ಗುರುತಿನ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಲೇಖಕರಿಗೂ ಉಚಿತವಾಗಿಯೇ ಕೊಡುತ್ತದೆ. ಅದಕ್ಕೆ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿ ಪ್ರತಿಗಳ ಸಂಖ್ಯೆ ಏರಿಸಬೇಡಿ, ಏಕೆಂದರೆ ಆಯ್ಕೆ ಖಚಿತವಲ್ಲ, ಆಯ್ಕೆಯಾದರೂ ಹಣ ತಡವಾಗಿ ಬರುವುದುಂಟು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಮೂರು ಅಧ್ಯಾಯಗಳನ್ನು ತೆಗೆಯುವುದು ಕಷ್ಟವಾದರೂ ಪ್ರಯತ್ನಿಸುತ್ತೇನೆ. ಪ್ರಕಾಶಕರಿಗೆ ಒಪ್ಪಿಗೆಯಿಲ್ಲವೆಂದು ತಿಳಿಸಿದ್ದೇನೆ. ಬೇರೆಯವರಿಗೆ ಕಳುಹಿಸುವುದಾದರೆ ಯೂನಿಕೋಡ್‌ನಲ್ಲಿರುವ ಕಡತ ಸಾಕೇ, ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲೇ ಬೇಕೇ?

ಉತ್ತರ 3: ಪುಟವಿನ್ಯಾಸ ಮಾಡುವವನು, ಮಣಿಪಾಲ

ಓದಲು ಕಳುಹಿಸುವುದಾದರೆ ಪಿಡಿಎಫ್ ಸಾಕು, ಜೊತೆಗೆ ಒಂದು ಪುಟದ ಕಥಾಸಾರ ಇರಲಿ. ಪುಟ ಕಟ್ಟುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಬಳಸುವ ಕಡೆಗಳಲ್ಲಿ ಮಾತ್ರ ಕಡತವನ್ನು ನುಡಿಗೆ ಪರಿವರ್ತಿಸುತ್ತಾರೆ, ತೊಂದರೆ ಹುಟ್ಟುವುದೂ ಅಲ್ಲಿಯೇ. ನಿಮ್ಮ ಕಾದಂಬರಿಯಲ್ಲಿ 'ಬೋಟ್‌ನಲ್ಲಿ' ಎಂಬುದು ನೂರಾರು ಕಡೆ ಬರುತ್ತದೆ. ಪರಿವರ್ತನೆಯಲ್ಲಿ ನಡುವಿನ ಕಾಣದ ಅಕ್ಷರ ಬಿದ್ದುಹೋದರೆ 'ನ' ಒತ್ತಕ್ಷರವಾಗಿ 'ಟ'ದ ಕೆಳಗೆ ಸೇರಿಕೊಳ್ಳುತ್ತದೆ. ಅರ್ಕಾವತ್ತು, ಉದ್ಧರಣ ಚಿಹ್ನೆಗಳದ್ದೂ ಇದೇ ಪಾಡು. 'ಬೋಟಿನಲ್ಲಿ' ಎಂದು ಬರೆದರೆ ಅರ್ಧ ತೊಂದರೆ ತಪ್ಪುತ್ತದೆ. ಕರಡನ್ನು ಪರಿವರ್ತನೆಗೆ ಮೊದಲು ಎಷ್ಟು ತಿದ್ದಿದ್ದರೂ, ಪುಟ ಕಟ್ಟಿದ ಮೇಲೆ ಕಾಗದದಲ್ಲಿ ಅಚ್ಚು ತೆಗೆಸಿ ಮತ್ತೊಮ್ಮೆ ಓದಿ. 60,000 ಪದಗಳಿಗೆ ಡೆಮಿ ಅಷ್ಟದಳ ಅಳತೆಯ ಪುಸ್ತಕದಲ್ಲಿ ಸುಮಾರು 280 ಪುಟಗಳಾಗುತ್ತವೆ. 16 ಪುಟಗಳಿಗೆ ಒಂದು ಹಾಳೆ, ಅಂದರೆ ಒಂದು ಫಾರಂ, ಎಂಬ ಲೆಕ್ಕದಲ್ಲಿ ಅಚ್ಚಾಗುವುದರಿಂದ, ಆ ಮೂರು ಅಧ್ಯಾಯಗಳನ್ನು ತೆಗೆದ ನಂತರವೇ ದರಪಟ್ಟಿ ಕೇಳಿ.